ತಿರುವಿನ ರಸ್ತೆ ಯಾರದು? ಮೂರು ಆಫೀಸು ಸುತ್ತಿ ಬಂದೆ

ತಿರುವಿನ ಮನೆ · ನವೆಂಬರ್ 9, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಶಾಲೆ ದಾಟಿದ ಮೇಲೆ ಸಿಗುವ ತಿರುವಿನಲ್ಲೇ ನಮ್ಮ ಮನೆ. ಕಳೆದ ಮಂಗಳವಾರ ಸಂಜೆ ಆರೂಕಾಲು ಇರಬಹುದು. ಕತ್ತಲಾಗಿತ್ತು. ಅಲ್ಲಿರುವ ಒಂದೇ ಒಂದು ಕಂಬದ ದೀಪ ಕೆಟ್ಟು ಐದು ತಿಂಗಳಾಯಿತು. ದಡ್ ಅಂತ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಬೈಕು ಮುಂದೆ ಹೋಗಿ ನಿಂತಿದೆ, ಹಿಂದೆ ಕೂತಿದ್ದ ಹೆಂಗಸು ಹಂಪ್ ಪಕ್ಕ ಬಿದ್ದಿದ್ದಾರೆ. ಹೆಂಡತಿ ಬಿದ್ದದ್ದು ಗಂಡನಿಗೆ ಗೊತ್ತಾಗಿದ್ದೇ ಹತ್ತು ಮಾರು ಮುಂದೆ ಹೋದ ಮೇಲೆ. ನಮ್ಮಮ್ಮ ಆಕೆಯ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಟವೆಲ್ ಒತ್ತಿ ಹಿಡಿದರು. ಒಂದು ಚಪ್ಪಲಿ ಹಂಪ್ ಮೇಲೇ ಉಳಿದಿತ್ತು. ಆಂಬುಲೆನ್ಸ್‌ನಲ್ಲಿ ಕಳಿಸಿದೆವು. ಎರಡು ದಿನ ಆದ ಮೇಲೆ ಪ್ರಜ್ಞೆ ಬಂತಂತೆ. ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ.

ಆ ಹಂಪ್‌ಗೆ ಬಣ್ಣ ಇಲ್ಲ, ಮುಂಚೆ ಬೋರ್ಡ್ ಇಲ್ಲ. ಹಗಲಲ್ಲೇ ಕಾಣಿಸುವುದಿಲ್ಲ. ಈ ವರ್ಷ ನನ್ನ ಕಣ್ಣೆದುರೇ ಬಿದ್ದವರಲ್ಲಿ ಇವರು ನಾಲ್ಕನೆಯವರು.

ಬುಧವಾರ ಪಂಚಾಯ್ತಿಗೆ ಹೋದೆ. ‘ಆ ರಸ್ತೆ ನಮ್ಮದಲ್ಲ, ತಾಲ್ಲೂಕಿಗೆ ಹೋಗಿ’ ಅಂದರು. ಗುರುವಾರ ಕೆಲಸಕ್ಕೆ ರಜೆ ಹಾಕಿ ತಾಲ್ಲೂಕಿನ ಒಂದು ಆಫೀಸಿಗೆ ಹೋದೆ. ‘ಊರೊಳಗಿನ ರಸ್ತೆ ಪಂಚಾಯ್ತಿಗೇ ಸೇರುತ್ತದೆ’ ಅಂದರು. ಶುಕ್ರವಾರ ಅದರ ಪಕ್ಕದ ಬೀದಿಯ ಇನ್ನೊಂದು ಆಫೀಸು. ‘ಹಂಪ್ ನಾವು ಹಾಕಿದ್ದಲ್ಲ’ ಅಂದರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಒಬ್ಬರೂ ಪೆನ್ನು ಹಿಡಿಯಲಿಲ್ಲ.

ಸಂಜೆ ನಾಲ್ಕೂಕಾಲಿಗೆ ಅದೇ ತಿರುವಿನಲ್ಲಿ ಅರವತ್ತು ಮಕ್ಕಳು ನಡೆದು ಬರುತ್ತವೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಬೇಕು ಹೇಳಿ.


ನಿವೃತ್ತ ಮೇಷ್ಟ್ರು · ನವೆಂಬರ್ 9, ರಾತ್ರಿ 9.48

ಓದಿ ಹೊಟ್ಟೆ ಉರಿಯಿತು ತಮ್ಮಾ. ಕಳೆದ ವರ್ಷ ನಾನೇ ಎರಡು ಅರ್ಜಿ ಬರೆದುಕೊಟ್ಟಿದ್ದೆ. ಒಂದು ತಿರುವಿನಲ್ಲಿ ಬೆಳೆದಿರುವ ಜಾಲಿ ಗಿಡ ಕಡಿಸಿ ಅಂತ, ಇನ್ನೊಂದು ಇದೇ ಹಂಪ್ ಬಗ್ಗೆ. ಕೊಟ್ಟು ಬಂದೆ ಅಷ್ಟೇ, ಸ್ವೀಕೃತಿ ಕೇಳಲಿಲ್ಲ. ನಮ್ಮೂರಿನವರೇ ಅಲ್ವಾ, ಸಹಿ ಹಾಕಿಸಿಕೊಂಡರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸಂಕೋಚ. ಅದು ನನ್ನ ತಪ್ಪು. ಮೂವತ್ತೊಂದು ವರ್ಷ ಮಕ್ಕಳಿಗೆ ‘ಬರೆದಿಟ್ಟುಕೊಳ್ಳಿ’ ಅಂತ ಹೇಳಿದವನು ನಾನು.


ಸೈಟ್ ಇಂಜಿನಿಯರ್ · ನವೆಂಬರ್ 9, ರಾತ್ರಿ 10.30

ಮೊದಲು ರಸ್ತೆ ಯಾರದು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಅದು ಗೊತ್ತಾಗುವ ತನಕ ಎಲ್ಲರೂ ಹೀಗೇ ಕೈ ತೋರಿಸುತ್ತಾರೆ.

ನಮ್ಮ ರಾಜ್ಯದಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳನ್ನು ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳು ಜಿಲ್ಲಾ ಪಂಚಾಯ್ತಿ ಕಡೆಗೆ, ಅಂದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಬರುತ್ತವೆ. ಊರೊಳಗಿನ ಬೀದಿ, ಚರಂಡಿ, ಬೀದಿದೀಪ ಗ್ರಾಮ ಪಂಚಾಯ್ತಿಯದು. ಒಂದೇ ರಸ್ತೆ ಊರಾಚೆ ಒಬ್ಬರದು, ಊರೊಳಗೆ ಇನ್ನೊಬ್ಬರದು ಆಗಿರುವುದೂ ಉಂಟು. ಗೊಂದಲ ಶುರುವಾಗುವುದೇ ಅಲ್ಲಿ.

ಕಿಲೋಮೀಟರ್ ಕಲ್ಲು ಇದ್ದರೆ ಅದರ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಗ್ರಾಮೀಣ ರಸ್ತೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಬೋರ್ಡ್ ಹಾಕಿರುತ್ತಾರೆ. ಉದ್ದ ಎಷ್ಟು, ಖರ್ಚು ಎಷ್ಟು, ಗುತ್ತಿಗೆ ಯಾರದು ಎಲ್ಲ ಅದರಲ್ಲಿರುತ್ತದೆ. 2000ನೇ ಇಸವಿಯಲ್ಲಿ ಶುರುವಾದ ಯೋಜನೆ ಅದು. ರಸ್ತೆ ಮುಗಿದ ಮೇಲೆ ಐದು ವರ್ಷ ನಿರ್ವಹಣೆಯೂ ಗುತ್ತಿಗೆದಾರರದೇ ಅಂತ ಕರಾರಿನಲ್ಲೇ ಇರುತ್ತದೆ.

ಇನ್ನು ಹಂಪ್ ವಿಷಯ. ರಸ್ತೆಗಳ ಅಳತೆ, ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ ಪ್ರಕಾರ ಅದು 3.7 ಮೀಟರ್ ಅಗಲ ಹರಡಿಕೊಂಡಿರಬೇಕು, ನಡುವೆ ಎತ್ತರ 10 ಸೆಂಟಿಮೀಟರ್. ಮೀನಿನ ಬೆನ್ನಿನ ಹಾಗೆ ನಿಧಾನ ಏರಿ ನಿಧಾನ ಇಳಿಯಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದರೆ ಸೊಂಟ ಅಲ್ಲಾಡದೆ ದಾಟಬೇಕು. ಕಪ್ಪು ಬಿಳಿ ಪಟ್ಟೆ ಇರಬೇಕು. 40 ಮೀಟರ್ ಮುಂಚೆ ಎಚ್ಚರಿಕೆ ಬೋರ್ಡ್ ಇರಬೇಕು. ನಾಳೆ ಬೆಳಿಗ್ಗೆ ಟೇಪ್ ಹಿಡಿದು ಅಳೆಯುತ್ತೀರಾ? ತಿರುವಿನಿಂದ ಹಂಪ್ ಎಷ್ಟು ದೂರ ಅನ್ನುವುದನ್ನೂ ನೋಡಿ.


ತಿರುವಿನ ಮನೆ · ನವೆಂಬರ್ 10, ಬೆಳಿಗ್ಗೆ 7.15

ಅಳೆದೆ ಸಾರ್. ಎತ್ತರ 19 ಸೆಂಟಿಮೀಟರ್. ಅಗಲ 70 ಸೆಂಟಿಮೀಟರ್, ಮೀಟರ್ ಕೂಡ ಇಲ್ಲ. ಬೈಕ್ ಬರುವ ಕಡೆ ಅಂಚು ಗೋಡೆ ಥರ ನೇರ ಎದ್ದಿದೆ. ತಿರುವು ಮುಗಿಯುವ ಜಾಗದಿಂದ ಹಂಪ್‌ಗೆ 20 ಮೀಟರ್. ಜಾಲಿ ಗಿಡ ರಸ್ತೆಗೇ ಬಾಗಿದೆ, ತಿರುಗಿ ಮುಗಿಯುವ ತನಕ ಮುಂದೇನಿದೆ ಅಂತ ಕಾಣುವುದೇ ಇಲ್ಲ. ಕಿಲೋಮೀಟರ್ ಕಲ್ಲು ಹುಡುಕಿದೆ. ಚರಂಡಿ ಹತ್ತಿರ ಅರ್ಧ ಹೂತಿತ್ತು. ಮಣ್ಣು ಕೆರೆದು ನೀರು ಹಾಕಿ ತೊಳೆದೆ. ಕಿತ್ತಳೆ.


ಸೈಟ್ ಇಂಜಿನಿಯರ್ · ನವೆಂಬರ್ 10, ಬೆಳಿಗ್ಗೆ 8.05

ಹಾಗಾದರೆ ಹುಡುಕಾಟವನ್ನು ಗ್ರಾಮೀಣ ರಸ್ತೆ ಅಂತಲೇ ಶುರು ಮಾಡಿ. ಕಲ್ಲು ಒಂದು ಸುಳಿವು ಮಾತ್ರ. ರಸ್ತೆ ಪಟ್ಟಿಯಲ್ಲಿ ಇದ್ದರೆ ಮಾತ್ರ ಆಫೀಸಿನವರು ಒಪ್ಪುತ್ತಾರೆ.

ಆ 20 ಮೀಟರ್ ಲೆಕ್ಕ ಎಲ್ಲರೂ ಒಮ್ಮೆ ಗಮನಿಸಿ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅಡ್ಡ ಏನೋ ಇದೆ ಅಂತ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲೇ 14 ಮೀಟರ್ ಹೋಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 14 ಬೇಕು. ಒಟ್ಟು 28. ಹಂಪ್ ಇರುವುದು 20ಕ್ಕೆ. ಅದೇ 30ರಲ್ಲಿ ಬಂದರೆ 13–14 ಮೀಟರ್‌ಗೆಲ್ಲ ನಿಲ್ಲಬಹುದು. ಅಂದರೆ ಈ ತಿರುವಿನಲ್ಲಿ ವೇಗ ಕಡಿಮೆ ಆಗಬೇಕಾದ್ದು ತಿರುವಿನ ಮುಂಚೆ, ದಾಟಿದ ಮೇಲಲ್ಲ. ಹಂಪ್ ಇರುವ ಜಾಗವೇ ತಪ್ಪು.

ಇದನ್ನು ಹಾಕಿದವರು ಯಾರು ಅಂತ ಗೊತ್ತಾ?


ಹೊಲದ ದಾರಿ · ನವೆಂಬರ್ 10, ಮಧ್ಯಾಹ್ನ 1.40

ನಾವೇ ಹಾಕಿದ್ದು ಸಾರ್.

ಎರಡು ವರ್ಷದ ಹಿಂದೆ ನಮ್ಮಣ್ಣನ ಮಗಳನ್ನು ಅಲ್ಲೇ ಒಂದು ಟೆಂಪೋ ಗುದ್ದಿ ಹೋಯಿತು. ಎರಡನೇ ಕ್ಲಾಸು. ಕಾಲಿಗೆ ರಾಡ್ ಹಾಕಿದ್ದಾರೆ, ಈಗಲೂ ಒಂದು ಕಡೆ ವಾಲಿಕೊಂಡೇ ನಡೆಯುತ್ತಾಳೆ. ಹಂಪ್ ಹಾಕಿಸಿ ಅಂತ ಕೇಳಿ ಕೇಳಿ ಸಾಕಾಯಿತು. ಒಂದು ರಾತ್ರಿ ನಾನು, ನಮ್ಮಣ್ಣ, ಬೀದಿಯ ಇನ್ನು ನಾಲ್ಕು ಜನ ಸೇರಿ ಮೂರು ಮೂಟೆ ಸಿಮೆಂಟ್ ತಂದು ಸುರಿದೆವು. ಹಲಗೆ ಇಟ್ಟು ಕಟ್ಟಿದೆವು, ಅದಕ್ಕೇ ಅಂಚು ನೇರ ಇದೆ. ಗಾಡಿ ನಿಧಾನ ಆದರೆ ಸಾಕು ಅನ್ನುವುದು ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ.

ಮಂಗಳವಾರ ಆ ಅಮ್ಮ ಬಿದ್ದಾಗ ನಾನು ಹೊಲದಲ್ಲಿದ್ದೆ. ವಿಷಯ ತಿಳಿದಾಗಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಅವರ ಮನೆಯವರು ಯಾರಾದರೂ ಓದುತ್ತಿದ್ದರೆ, ತಪ್ಪು ನನ್ನದು. ಬೇಕೆಂದರೆ ಇವತ್ತು ರಾತ್ರಿಯೇ ಒಡೆದು ಹಾಕುತ್ತೇನೆ.


ತಿರುವಿನ ಮನೆ · ನವೆಂಬರ್ 10, ಮಧ್ಯಾಹ್ನ 2.10

ಅಣ್ಣಾ, ನೀವು ಅಂತ ನನಗೆ ಗೊತ್ತಿರಲಿಲ್ಲ. ಆ ಮಗುವನ್ನು ಎತ್ತಿಕೊಂಡು ಓಡಿದ್ದೂ ನಮ್ಮಮ್ಮನೇ. ಇವತ್ತು ರಾತ್ರಿ ಒಡೆಯಬೇಡಿ. ಹಂಪ್ ಹೋದರೆ ನಾಳೆ ನಾಲ್ಕೂಕಾಲಿಗೆ ಗಾಡಿಗಳು ಮತ್ತೆ ಅರವತ್ತರಲ್ಲಿ ಬರುತ್ತವೆ. ಸದ್ಯಕ್ಕೆ ಸುಣ್ಣ ಬಳಿಯೋಣ, ಎರಡೂ ಕಡೆ ಡ್ರಮ್ ಇಟ್ಟು ಕೆಂಪು ಬಟ್ಟೆ ಕಟ್ಟೋಣ. ನಮ್ಮ ಮನೆಯಲ್ಲಿ ಎರಡು ಖಾಲಿ ಡ್ರಮ್ ಇವೆ.


ಸೈಟ್ ಇಂಜಿನಿಯರ್ · ನವೆಂಬರ್ 10, ಮಧ್ಯಾಹ್ನ 2.35

ಅದೇ ಸರಿ. ಹೊಲದ ದಾರಿ ಅವರೇ, ನಿಮ್ಮ ಭಯ ನ್ಯಾಯವಾದದ್ದು, ಅಳತೆ ಮಾತ್ರ ತಪ್ಪಾಯಿತು. ಅಳತೆ ಗೊತ್ತಿರಬೇಕಾದವರು ನೀವಲ್ಲ. ನೀವು ಕೇಳಿದಾಗ ಬಂದು ನೋಡಬೇಕಾಗಿದ್ದವರು ಬರಲಿಲ್ಲ. ಡ್ರಮ್ ಅನ್ನು ರಸ್ತೆ ಅಂಚಿನಲ್ಲಿ ಇಡಿ, ಒಳಗೆ ಬೇಡ. ಒಂದು ಡ್ರಮ್ ತಿರುವಿನ ಆಚೆಗೂ ಇರಲಿ, ಬರುವವರಿಗೆ ಮುಂಚೆಯೇ ಕಾಣಬೇಕು.


ಊರಿಂದ ದೂರ · ನವೆಂಬರ್ 10, ಸಂಜೆ 6.50

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನೇರ ಕೇಸ್ ಹಾಕಬಹುದಲ್ವಾ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಒಂದು ಕಲಂ ಸೇರಿಸಿದ್ದಾರೆ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆಯಲ್ಲಿ ನಿಗದಿತ ಮಟ್ಟ ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ.


ಮಾಜಿ ಸದಸ್ಯೆ · ನವೆಂಬರ್ 10, ರಾತ್ರಿ 8.30

ಕಾನೂನು ಇರುವುದು ನಿಜ. ಆದರೆ ಅದರ ಮಾತು ಬರುವುದು ಯಾರಾದರೂ ಸತ್ತ ಮೇಲೆ ಅಥವಾ ಕೈಕಾಲು ಹೋದ ಮೇಲೆ. ನಮಗೆ ಬೇಕಾಗಿರುವುದು ಅದಕ್ಕಿಂತ ಮುಂಚೆ.

ನಾನು ಒಂದು ಅವಧಿಗೆ ಪಂಚಾಯ್ತಿ ಸದಸ್ಯೆ ಆಗಿದ್ದೆ. ಒಳಗಿನದು ಗೊತ್ತು, ಹೇಳಿಬಿಡುತ್ತೇನೆ.

‘ನಮ್ಮದಲ್ಲ’ ಅಂತ ನಾನೂ ಹೇಳಿದ್ದೇನೆ. ಕೆಟ್ಟ ಮನಸ್ಸಿನಿಂದ ಅಲ್ಲ. ದುಡ್ಡು ಕಡಿಮೆ ಇರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿದ್ದರು. ಉಳಿದ 40ರಲ್ಲಿ, ಜೊತೆಗೆ ಊರಿನ ಕಂದಾಯದಲ್ಲಿ ಮಿಕ್ಕಿದ್ದೆಲ್ಲ ಆಗಬೇಕಿತ್ತು. ಹಾಗಾಗಿ ಬೇರೆಯವರ ತಲೆಗೆ ಹಾಕಬಹುದಾದ್ದನ್ನು ಹಾಕಿಬಿಡುವ ಅಭ್ಯಾಸ ಬೆಳೆಯುತ್ತದೆ. ಆದರೆ ಬೀದಿದೀಪ? ಅದನ್ನು ಯಾರ ತಲೆಗೂ ಹಾಕಲು ಬರುವುದಿಲ್ಲ. ಅದು ಪಂಚಾಯ್ತಿಯದೇ. ಐದು ತಿಂಗಳು ಕತ್ತಲು ಬಿಟ್ಟದ್ದಕ್ಕೆ ಯಾವ ನೆಪವೂ ಇಲ್ಲ. ರಸ್ತೆ ಬೇರೆಯವರದೇ ಆಗಿರಲಿ, ಠರಾವು ಮಾಡಿ ಆ ಇಲಾಖೆಗೆ ಪತ್ರ ಬರೆಯುವುದೂ ಪಂಚಾಯ್ತಿಯ ಕೆಲಸವೇ.

ಇನ್ನೊಂದು ನೋವಿನ ವಿಷಯ. ಗ್ರಾಮೀಣ ರಸ್ತೆ ಜಿಲ್ಲಾ ಪಂಚಾಯ್ತಿಗೆ ಸೇರಿದ್ದು ಅಂದಾಗ ಮೊದಲು ನಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯರ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಕೊನೆಯ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯುತ್ತಿದೆ. ರಸ್ತೆ ಇದೆ, ಇಲಾಖೆ ಇದೆ, ಹೋಗಿ ಕೇಳಲು ನಾವು ಓಟು ಹಾಕಿದ ಒಬ್ಬ ಮನುಷ್ಯ ಇಲ್ಲ.

ಅದಕ್ಕೇ ಗ್ರಾಮ ಸಭೆ ಬಿಡಬೇಡಿ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ಈ ತಿಂಗಳ ಕೊನೆಗೆ ಗ್ರಾಮ ಸಭೆ ಇದೆ. ಬಂದು ಮಾತಾಡಿ ಹೋದರೆ ಸಾಲದು. ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಹೋಗಬೇಡಿ. ಬರೆದದ್ದನ್ನು ಓದಿ ಹೇಳಿ ಅಂತ ಕೇಳಿ. ನಾನಿದ್ದಾಗ ಜನ ಒಂದು ಗಂಟೆ ಕೂಗಾಡಿದ್ದು ಪುಸ್ತಕದಲ್ಲಿ ‘ಚರ್ಚಿಸಲಾಯಿತು’ ಅಂತ ಒಂದೇ ಪದ ಆಗಿದ್ದನ್ನು ನೋಡಿದ್ದೇನೆ.


ಡಿಗ್ರಿ ಓದುವವಳು · ನವೆಂಬರ್ 10, ರಾತ್ರಿ 9.15

ಅಕ್ಕ ಹೇಳಿದ್ದು ಸರಿ. ಅದರ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕೋಣ. ನಾನು ಬರೆಯುತ್ತೇನೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಅದಕ್ಕೆ ‘ಯಾಕೆ ಮಾಡಿಲ್ಲ’ ಅಂತ ಜಗಳದ ಥರ ಕೇಳಬಾರದು. ಕಾಗದ ಕೇಳಬೇಕು.

ಇಷ್ಟು ಕೇಳೋಣ ಅಂದುಕೊಂಡಿದ್ದೇನೆ. ಕಳೆದ ಎರಡು ವರ್ಷದಲ್ಲಿ ಈ ತಿರುವಿನ ಬಗ್ಗೆ ಬಂದ ಅರ್ಜಿಗಳ ನಕಲು, ಅವು ಆವಕ ವಹಿಯಲ್ಲಿ (ಆಫೀಸಿಗೆ ಬಂದ ಕಾಗದ ಬರೆದಿಡುವ ಪುಸ್ತಕ) ದಾಖಲಾದ ಪುಟ, ಅದರ ಮೇಲೆ ಆದ ಠರಾವು, ಠರಾವಿನ ಪ್ರಕಾರ ಹೋದ ಪತ್ರದ ಜಾವಕ ಸಂಖ್ಯೆ (ಆಫೀಸಿಂದ ಹೊರಗೆ ಹೋದ ಕಾಗದಕ್ಕೆ ಹಾಕುವ ನಂಬರ್). ಮೇಷ್ಟ್ರೇ, ನಿಮ್ಮ ಅರ್ಜಿಯ ತಾರೀಕು ನೆನಪಿದೆಯಾ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2005ರ ಆ ಕಾಯ್ದೆಯಲ್ಲಿ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೆ. ಮುಂದೆ ಡಾಂಬರು ಹಾಕುವಾಗ ನೆನಪಿರಲಿ.


ನಿವೃತ್ತ ಮೇಷ್ಟ್ರು · ನವೆಂಬರ್ 10, ರಾತ್ರಿ 9.40

ಶಾಲೆಯ ಪ್ರತಿಭಾ ಕಾರಂಜಿ ಮುಗಿದ ಮಾರನೇ ದಿನ ಕೊಟ್ಟಿದ್ದು ಮಗಳೇ. ಡೈರಿಯಲ್ಲಿ ಇರಬೇಕು, ಹುಡುಕಿ ಹೇಳುತ್ತೇನೆ.


ಟ್ರ್ಯಾಕ್ಟರ್ ಓಡಿಸುವವನು · ನವೆಂಬರ್ 11, ಬೆಳಿಗ್ಗೆ 6.30

ಹಂಪ್ ಒಂದೇ ಅಲ್ಲ, ಇನ್ನು ಹದಿನೈದು ದಿನ ಕಳೆದರೆ ರಾಗಿ ಕಟಾವು ಶುರು. ಎಲ್ಲರೂ ತೆನೆ ತಂದು ರಸ್ತೆಗೆ ಹರಡುತ್ತಾರೆ. ಹೋದ ವರ್ಷ ಹುರುಳಿ ಸೊಪ್ಪಿನ ಮೇಲೆ ನನ್ನ ಬಾಮೈದನ ಬೈಕ್ ಜಾರಿ ಭುಜದ ಮೂಳೆ ಮುರಿಯಿತು. ರಾತ್ರಿ ಅದರ ಸುತ್ತ ಕಲ್ಲು ಬೇರೆ ಇಟ್ಟಿರುತ್ತಾರೆ. ಅದನ್ನೂ ಮಾತಾಡಬೇಕು.


ಹೊಲದ ದಾರಿ · ನವೆಂಬರ್ 11, ಬೆಳಿಗ್ಗೆ 6.55

ಹರಡುವವರಲ್ಲಿ ನಾನೂ ಒಬ್ಬ. ಬೇರೆ ಜಾಗ ಎಲ್ಲಿದೆ ಹೇಳಿ. ಅಪ್ಪನ ಕಾಲದಲ್ಲಿ ಕಣ ಇತ್ತು. ಸಗಣಿ ಸಾರಿಸಿ, ರೋಣಗಲ್ಲು ಹೊಡೆದು ಒಕ್ಕುತ್ತಿದ್ದರು. ಭಾಗ ಆಗಿ ಆಗಿ ಆ ಜಾಗವೂ ಹೋಯಿತು. ರಸ್ತೆಗೆ ಹಾಕಿದರೆ ಗಾಡಿ ಹತ್ತಿ ಒಂದೇ ದಿನಕ್ಕೆ ಕಾಳು ಉದುರುತ್ತದೆ. ತಪ್ಪು ಅಂತ ಗೊತ್ತು. ಕೂಲಿ ಕೊಟ್ಟು ಬಡಿಸಲು ಆಗುವುದಿಲ್ಲ.


ಮಾಜಿ ಸದಸ್ಯೆ · ನವೆಂಬರ್ 11, ಬೆಳಿಗ್ಗೆ 9.00

ಇದಕ್ಕೆ ದಾರಿ ಇದೆ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯ್ತಿಗಳು ನಮ್ಮ ರಾಜ್ಯದಲ್ಲೇ ಇವೆ. ನಮ್ಮಲ್ಲಿ ಕ್ರಿಯಾ ಯೋಜನೆಗೆ ಅದು ಸೇರಲೇ ಇಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಕೆರೆ ಪಕ್ಕ ಸರ್ಕಾರಿ ಜಾಗ ಖಾಲಿ ಇದೆ. ರಸ್ತೆಗೆ ಹಾಕಬೇಡಿ ಅಂತ ಬರೀ ನೋಟಿಸ್ ಅಂಟಿಸಿದರೆ ರೈತ ಎಲ್ಲಿಗೆ ಹೋಗಬೇಕು? ಕಣವನ್ನೂ ಗ್ರಾಮ ಸಭೆಯಲ್ಲಿ ಬರೆಸೋಣ. ಈ ವರ್ಷಕ್ಕೆ ಆಗುವುದಿಲ್ಲ. ಈ ವರ್ಷ ಕತ್ತಲಾಗುವ ಮುಂಚೆ ಎತ್ತಿಬಿಡಿ, ಕಲ್ಲು ಮಾತ್ರ ಬೇಡ.


ಟ್ರ್ಯಾಕ್ಟರ್ ಓಡಿಸುವವನು · ನವೆಂಬರ್ 11, ಬೆಳಿಗ್ಗೆ 9.20

ಆಯಿತು. ನನ್ನ ಟ್ರೈಲರ್‌ಗೂ ಹಿಂದೆ ದೀಪ ಇಲ್ಲ, ಒಪ್ಪಿಕೊಳ್ಳುತ್ತೇನೆ. ಇವತ್ತೇ ಕೆಂಪು ರೇಡಿಯಂ ಅಂಟಿಸುತ್ತೇನೆ.


ಬಿದ್ದವರ ಮನೆಯವರು · ನವೆಂಬರ್ 12, ರಾತ್ರಿ 11.10

ಆವತ್ತು ಬೈಕ್ ಓಡಿಸುತ್ತಿದ್ದವನು ನಾನೇ. ಆಸ್ಪತ್ರೆಯಲ್ಲಿ ಕೂತು ಎಲ್ಲ ಓದಿದೆ. ಇವಳು ಇವತ್ತು ಎರಡು ತುತ್ತು ತಿಂದಳು. ನನ್ನನ್ನು ಗುರುತಿಸುತ್ತಾಳೆ, ತಾರೀಕು ಮಾತ್ರ ಮರೆಯುತ್ತಾಳೆ.

ತಿರುವಿನ ಮನೆಯ ಅಮ್ಮನಿಗೆ ಹೇಗೆ ಕೈ ಮುಗಿಯಬೇಕೋ ಗೊತ್ತಿಲ್ಲ. ಆ ಹೊತ್ತಿಗೆ ಮುಟ್ಟಲು ಹೆದರಿ ಇಬ್ಬರು ಗಾಡಿ ನಿಲ್ಲಿಸದೆ ಹೋದರು.

ಹಂಪ್ ಹಾಕಿದವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ನನಗೂ ಮಗಳಿದ್ದಾಳೆ. ನಾನು ಹೆಲ್ಮೆಟ್ ಹಾಕಿದ್ದೆ, ಇವಳಿಗೆ ಇರಲಿಲ್ಲ. ‘ಊರೊಳಗೇ ತಾನೇ’ ಅಂದೆ. ಆ ಮಾತು ಈಗ ಎದೆಯಲ್ಲಿ ಕೂತಿದೆ.


ಡಿಗ್ರಿ ಓದುವವಳು · ನವೆಂಬರ್ 13, ಬೆಳಿಗ್ಗೆ 7.30

ಅಣ್ಣಾ, ಆಸ್ಪತ್ರೆಯಲ್ಲಿ ಒಂದು ವಿಷಯ ಕೇಳಿ ನೋಡಿ. ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ನಗದು ಇಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಅಪಘಾತ ಆದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ. ನಿಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿ ಇದೆಯಾ, ಪೊಲೀಸ್ ಠಾಣೆಯಿಂದ ಯಾವ ಕಾಗದ ಬೇಕು ಅಂತ ಕೇಳಿ. ಇವತ್ತೇ ಕೇಳಿ.

ಗಾಡಿ ನಿಲ್ಲಿಸದೆ ಹೋದವರ ಬಗ್ಗೆಯೂ ಒಂದು ಮಾತು. ಪೊಲೀಸು, ಕೋರ್ಟು ಅಂತ ಅಲೆಸುತ್ತಾರೆ ಅನ್ನುವ ಹೆದರಿಕೆ ನಮ್ಮಲ್ಲಿ ಇನ್ನೂ ಇದೆ. ಈಗ ಮೋಟಾರು ವಾಹನ ಕಾಯ್ದೆಯ 134ಎ ಪ್ರಕಾರ, ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತೆಯೂ ಇಲ್ಲ. ಇದನ್ನು ಶಾಲೆಯ ಗೋಡೆ ಮೇಲೆ ಬರೆಸಬೇಕು ಅಂತ ನನ್ನ ಆಸೆ.


ಸೈಟ್ ಇಂಜಿನಿಯರ್ · ನವೆಂಬರ್ 13, ಬೆಳಿಗ್ಗೆ 10.00

ಇದು ನಮ್ಮ ಒಂದೂರಿನ ಕಥೆಯಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ಸುಮಾರು 68 ಜನ ಸತ್ತದ್ದು ಗ್ರಾಮೀಣ ಭಾಗದ ರಸ್ತೆಗಳಲ್ಲಿ. ಟಿವಿಯಲ್ಲಿ ಮಾತ್ರ ಸಿಟಿಯ ಟ್ರಾಫಿಕ್ಕೇ ಕಾಣುತ್ತದೆ.


ತಿರುವಿನ ಮನೆ · ನವೆಂಬರ್ 27, ರಾತ್ರಿ 8.40

ನಿನ್ನೆ ಗ್ರಾಮ ಸಭೆ ಆಯಿತು. ಬಾರದಿದ್ದವರಿಗಾಗಿ ಬರೆಯುತ್ತಿದ್ದೇನೆ.

ಹೋದ ಸಲ ಮೂವತ್ತು ಜನವೂ ಇರಲಿಲ್ಲವಂತೆ. ಈ ಸಲ ಕುರ್ಚಿ ಸಾಲದೆ ಶಾಲೆಯ ಬೆಂಚು ತಂದರು. ನಾನು ಟೇಪ್ ತೆಗೆದುಕೊಂಡು ಹೋಗಿದ್ದೆ. ಹಂಪ್‌ನ ಎತ್ತರ 19 ಸೆಂಟಿಮೀಟರ್ ಇದೆ ಅಂತ ಬಾಯಲ್ಲಿ ಹೇಳುವ ಬದಲು ಅಧ್ಯಕ್ಷರ ಮೇಜಿನ ಮೇಲೆ ಟೇಪ್ ಎಳೆದು ನಿಲ್ಲಿಸಿ ತೋರಿಸಿದೆ. ಪಕ್ಕದಲ್ಲಿ 10 ಸೆಂಟಿಮೀಟರ್ ಎಷ್ಟು ಅಂತಲೂ ತೋರಿಸಿದೆ. ಸಭೆ ಸುಮ್ಮನಾಯಿತು. ಆಮೇಲೆ ಹೊಲದ ದಾರಿ ಅಣ್ಣ ಎದ್ದು ನಿಂತು, ಕಟ್ಟಿದ್ದು ನಾನು ಅಂತ ಎಲ್ಲರ ಮುಂದೆ ಹೇಳಿದರು. ಅಣ್ಣನ ಮಗಳನ್ನೂ ಕರೆದುಕೊಂಡು ಬಂದಿದ್ದರು. ಆ ಮಗು ಬಾಗಿಲಿಂದ ಮುಂದಿನ ಬೆಂಚಿನ ತನಕ ನಡೆದು ಬಂದದ್ದನ್ನು ಎಲ್ಲರೂ ನೋಡಿದರು.

ಬೀದಿದೀಪಕ್ಕೆ ಒಂದು ವಾರ ಕೇಳಿದರು. ಜಾಲಿ ಗಿಡ ಕಡಿಸಲು ಒಪ್ಪಿದರು. ಒಕ್ಕಣೆ ಕಣವನ್ನು ಕ್ರಿಯಾ ಯೋಜನೆಗೆ ಸೇರಿಸುವುದಾಗಿ ಬರೆದರು. ರಸ್ತೆಯ ಮಾತು ಬಂದಾಗ ಮತ್ತೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಶುರುವಾಯಿತು. ಆಗ ಮಾಜಿ ಸದಸ್ಯೆ ಅಕ್ಕ ಒಂದೇ ಮಾತು ಹೇಳಿದರು: ‘ಅದನ್ನೇ ಬರೆಯಿರಿ. ಯಾರ ವ್ಯಾಪ್ತಿ, ಯಾರಿಗೆ ಪತ್ರ ಹಾಕುತ್ತೀರಿ, ಯಾವ ತಾರೀಕಿಗೆ, ಬರೆಯಿರಿ.’ ಬರೆದರು. ಓದಿ ಹೇಳಿದರು. ಡಿಗ್ರಿ ಹುಡುಗಿ ಫೋಟೋ ತೆಗೆದುಕೊಂಡಳು.


ಡಿಗ್ರಿ ಓದುವವಳು · ಡಿಸೆಂಬರ್ 9, ಸಂಜೆ 5.20

ಮಾಹಿತಿ ಹಕ್ಕಿನ ಉತ್ತರ ಬಂತು. ಹದಿನಾಲ್ಕು ಪುಟ, ಪುಟಕ್ಕೆ 2 ರೂಪಾಯಿ ಕಟ್ಟಿದೆ.

ಮೇಷ್ಟ್ರೇ, ನಿಮ್ಮ ಎರಡೂ ಅರ್ಜಿ ಅಲ್ಲಿವೆ. ಕಳೆದುಹೋಗಿರಲಿಲ್ಲ. ಆವಕ ವಹಿಯಲ್ಲಿ ನಂಬರ್ ಬಿದ್ದಿದೆ. ಹಂಪ್ ಅರ್ಜಿ ಮುಂದಿನ ತಿಂಗಳ ಸಭೆಗೂ ಬಂದಿದೆ. ‘ಸದರಿ ರಸ್ತೆಯು ಜಿಲ್ಲಾ ಪಂಚಾಯ್ತಿ ಗ್ರಾಮೀಣ ರಸ್ತೆಯಾಗಿರುವುದರಿಂದ ಸಂಬಂಧಪಟ್ಟ ಇಂಜಿನಿಯರಿಂಗ್ ಉಪವಿಭಾಗಕ್ಕೆ ಪತ್ರ ಬರೆಯಲು ತೀರ್ಮಾನಿಸಲಾಯಿತು’ ಅಂತ ಠರಾವು ಇದೆ. ಕೆಳಗೆ ಸಹಿಗಳಿವೆ.

ಜಾವಕ ವಹಿಯ ಆ ತಿಂಗಳ ಪುಟಗಳನ್ನು ಮೂರು ಸಲ ನೋಡಿದೆ. ಪತ್ರ ಹೋಗಿಲ್ಲ. ಅದರ ಮುಂದಿನ ತಿಂಗಳಲ್ಲೂ ಇಲ್ಲ.

ಅಂದರೆ ರಸ್ತೆ ಯಾರದು ಅಂತ ಅವರಿಗೆ ಒಂದು ವರ್ಷದಿಂದ ಗೊತ್ತಿತ್ತು. ಕಾಗದದಲ್ಲಿ ಬರೆದೇ ಇತ್ತು. ತಿರುವಿನ ಮನೆ ಅಣ್ಣ ಮೂರು ದಿನ ಅಲೆದಾಗ ಆ ಪುಸ್ತಕ ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ.


ನಿವೃತ್ತ ಮೇಷ್ಟ್ರು · ಡಿಸೆಂಬರ್ 9, ಸಂಜೆ 6.05

ಎರಡು ಸಲ ಓದಿದೆ. ಕೈ ನಡುಗಿತು. ಆ ಪತ್ರ ಹೋಗಿದ್ದರೆ ಆ ಹೆಣ್ಣುಮಗಳು ಬೀಳುತ್ತಿರಲಿಲ್ಲ ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿದೆ.


ಮಾಜಿ ಸದಸ್ಯೆ · ಡಿಸೆಂಬರ್ 9, ರಾತ್ರಿ 7.30

ಈ ಹದಿನಾಲ್ಕು ಪುಟದ ಒಂದು ಪ್ರತಿ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಹಣಾಧಿಕಾರಿಗೆ, ಒಂದು ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಹೋಗಲಿ. ಮೂರನೆಯದು ಉಪವಿಭಾಗದ ಇಂಜಿನಿಯರ್‌ಗೆ, ಗ್ರಾಮ ಸಭೆಯ ನಡಾವಳಿ ಜೊತೆ ಲಗತ್ತಿಸಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ. ಯಾರನ್ನೋ ಅಮಾನತು ಮಾಡಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಪತ್ರ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಉತ್ತರ ಬೇಕು. ಅದೂ ಲಿಖಿತವಾಗಿ.


ತಿರುವಿನ ಮನೆ · ಡಿಸೆಂಬರ್ 15, ಸಂಜೆ 6.45

ಇವತ್ತು ಉಪವಿಭಾಗದಿಂದ ಇಬ್ಬರು ಬಂದಿದ್ದರು. ಅಳತೆ ಮಾಡಿದರು, ತಿರುವಿನ ಎರಡೂ ಕಡೆ ನಿಂತು ನೋಡಿದರು. ಹಳೆ ಹಂಪ್ ತೆಗೆದು, ತಿರುವಿಗೆ ಮುಂಚೆ ಅಳತೆ ಪ್ರಕಾರ ಹೊಸದು ಹಾಕುತ್ತಾರೆ. ಬೋರ್ಡ್ ಮತ್ತು ಬಣ್ಣವೂ ಅಂದಾಜು ಪಟ್ಟಿಯಲ್ಲಿ ಇದೆ. ಸೋಮವಾರ ಕೆಲಸ ಶುರು ಅಂತ ಹಿಂಬರಹ ಕೊಟ್ಟಿದ್ದಾರೆ. ಕಾಗದ ನನ್ನ ಕೈಯಲ್ಲಿದೆ, ಮೊಹರು ಇದೆ.

ಕಂಬದ ದೀಪ ಹತ್ತುತ್ತಿದೆ. ಒಂದು ವಾರ ಅಂದವರು ಹನ್ನೆರಡು ದಿನ ಮಾಡಿದರು. ಜಾಲಿ ಕಡಿದಿದ್ದಾರೆ. ಈಗ ನಮ್ಮ ಜಗುಲಿಯಿಂದ ಶಾಲೆಯ ಗೇಟು ಕಾಣುತ್ತದೆ.

ಪತ್ರ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಉತ್ತರ ಇನ್ನೂ ಬಂದಿಲ್ಲ. ಜನವರಿ 9ಕ್ಕೆ ಒಂದು ತಿಂಗಳು. ಅವತ್ತು ಮತ್ತೆ ಹೋಗುತ್ತೇನೆ.


ಬಿದ್ದವರ ಮನೆಯವರು · ಡಿಸೆಂಬರ್ 15, ರಾತ್ರಿ 8.10

ಇವಳು ಮನೆಗೆ ಬಂದು ಒಂಬತ್ತು ದಿನ ಆಯಿತು. ನಿಧಾನಕ್ಕೆ ಓಡಾಡುತ್ತಾಳೆ. ಈ ಸುದ್ದಿ ಓದಿ ಹೇಳಿದೆ. ‘ಚಪ್ಪಲಿ ಸಿಕ್ಕಿತಾ’ ಅಂತ ಕೇಳಿದಳು.


ತಿರುವಿನ ಮನೆ · ಡಿಸೆಂಬರ್ 15, ರಾತ್ರಿ 8.25

ಸಿಕ್ಕಿದೆ ಅಣ್ಣ. ಅಮ್ಮ ತೊಳೆದು ಒಳಗೆ ಇಟ್ಟಿದ್ದಾರೆ. ಅಕ್ಕ ಬಂದೇ ತೆಗೆದುಕೊಂಡು ಹೋಗಲಿ ಅಂದರು.


ಹೊಲದ ದಾರಿ · ಡಿಸೆಂಬರ್ 15, ರಾತ್ರಿ 9.00

ಸೋಮವಾರದ ತನಕ ಶಾಲೆ ಬಿಡುವ ಹೊತ್ತಿಗೆ ಕೆಂಪು ಬಟ್ಟೆ ಹಿಡಿದು ನಾನು ತಿರುವಿನಲ್ಲಿ ನಿಲ್ಲುತ್ತೇನೆ. ಬುಧವಾರ, ಶುಕ್ರವಾರ ಮಾತ್ರ ನೀರಿನ ಪಾಳಿ ಇದೆ, ಹೊಲ ಬಿಟ್ಟು ಬರಲು ಆಗುವುದಿಲ್ಲ. ಆ ಎರಡು ದಿನ ಯಾರಾದರೂ ಬೇಕು.


ಟ್ರ್ಯಾಕ್ಟರ್ ಓಡಿಸುವವನು · ಡಿಸೆಂಬರ್ 15, ರಾತ್ರಿ 9.04

ಬುಧವಾರ ನಾನು.


ನಿವೃತ್ತ ಮೇಷ್ಟ್ರು · ಡಿಸೆಂಬರ್ 15, ರಾತ್ರಿ 9.06

ಶುಕ್ರವಾರ ನಾನು ನಿಲ್ಲುತ್ತೇನೆ. ನಾಲ್ಕು ಗಂಟೆಗೇ ಬಂದಿರುತ್ತೇನೆ.